ಹರಕೆಯ ಹುಂಜ ಮತ್ತು ನನ್ನ ಬ್ರಾಯ್ಲರ್ ಸಂಸಾರ

ಬ್ರಾಯ್ಲರ್ ಕೋಳಿ ಮೊಟ್ಟೆ ಇಡುವುದಿಲ್ಲ ಎಂಬುದು ಜನರ ತಪ್ಪು ತಿಳಿವಳಿಕೆ. ಮೊಟ್ಟೆ ಇಡುವಷ್ಟು ಆಯುಷ್ಯವನ್ನು ಅದಕ್ಕೆ ಯಾರೂ ಕೊಟ್ಟಿಲ್ಲ, ಅಷ್ಟೆ. ನಲವತ್ತು ದಿನಕ್ಕೇ ಕತ್ತಿಗೆ ಕೊಟ್ಟರೆ ಅದು ಮೊಟ್ಟೆ ಇಡುವುದು ಯಾವಾಗ? ಈ ಸತ್ಯ ನನಗೆ ಹೊಳೆದದ್ದು ಮೂಡಿಗೆರೆಯ ಕೋಳಿ ಅಂಗಡಿಯ ಮುಂದೆ, ಒಂದು ಕೆಜಿ ತೂಗಿಸಿಕೊಳ್ಳುತ್ತಾ ನಿಂತಿದ್ದಾಗ. ಅಷ್ಟು ದೊಡ್ಡ ಕೋಳಿ, ಅದಕ್ಕೆ ತಕ್ಕ ಮೊಟ್ಟೆ! ಜೊತೆಗೆ ಒಂದು ನಾಟಿ ಹುಂಜ ಬಿಟ್ಟರೆ, ಮೈ ಬ್ರಾಯ್ಲರಿನದು, ರುಚಿ ನಾಟಿಯದು, ಹೀಗೊಂದು ಹೊಸ ತಳಿಯೇ ಹುಟ್ಟಬಹುದು. ಜಾವಳಿ ಕಡೆಯ ಆರು ಎಕರೆ ಕಾಫಿ ಬೆಳೆಗಾರನೊಬ್ಬ ಇದನ್ನು ಕಂಡುಹಿಡಿದನಂತೆ ಎಂದು ಜನ ಮಾತಾಡಿಕೊಳ್ಳುವುದು ನನ್ನ ಕಿವಿಗೆ ಆಗಲೇ ಕೇಳಿಸತೊಡಗಿತ್ತು.

ಮನೆಗೆ ಬಂದು ಹೆಂಡತಿ ವಿಶಾಲಾಕ್ಷಿಗೆ ವಿವರಿಸಿದೆ. ಹಿತ್ತಿಲಲ್ಲಿ ತನ್ನ ಆರು ನಾಟಿ ಕೋಳಿಗಳಿವೆಯಲ್ಲ, ಅವು ಇಡುವ ಮೊಟ್ಟೆ ಇಬ್ಬರಿಗೆ ಸಾಲದೇ ಎಂದು ಅವಳು ಕೇಳಿದಳು. ಪ್ರಶ್ನೆ ಮೊಟ್ಟೆಯದಲ್ಲ, ತಳಿಯದು ಎಂದೆ. ತಳಿಗೆ ಹುಂಜ ಬೇಕು, ಮನೆಯಲ್ಲಿರುವುದು ಒಂದೇ ಹುಂಜ ಎಂದೂ ಹೇಳಿದೆ. ಅಲ್ಲಿಗೆ ಅವಳ ಕೈಯ ಸೌಟು ನಿಂತಿತು.

ಆ ಕೆಂಪು ಹುಂಜ ಹರಕೆಯದು. ಹಿಂದಿನ ವರ್ಷ ಕಾಳುಮೆಣಸು ಕುಯ್ಯಲು ಆಳು ಸಿಗದೆ ನಾನೇ ಏಣಿ ಹತ್ತಿ, ಸಿಲ್ವರ್ ಓಕ್ ಮರದಿಂದ ಬಿದ್ದು ಬಲಗಾಲು ಮುರಿದುಕೊಂಡಿದ್ದೆ. ಏಣಿ ಬಿದ್ದಿರಲಿಲ್ಲ. ಎರಡು ತಿಂಗಳು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದಾಗ ವಿಶಾಲಾಕ್ಷಿ ತೋಟದ ಕೆಳಗಿನ ಬನದ ಚೌಡಿಗೆ ಹರಕೆ ಹೇಳಿಕೊಂಡಿದ್ದಳು: ಇವರ ಕಾಲು ನೆಟ್ಟಗಾದರೆ ಒಂದು ಕೆಂಪು ಹುಂಜ. ಕಾಲು ನೆಟ್ಟಗಾಯಿತು. ದೀಪಾವಳಿ ಕಳೆದು ಕಾಫಿ ಕುಯ್ಲು ಶುರುವಾಗುವ ಮುಂಚೆ, ಒಂದು ಮಂಗಳವಾರ ಚೌಡಿಯ ವರ್ಷದ ಪೂಜೆ. ಅವತ್ತು ಹುಂಜ ಒಪ್ಪಿಸಬೇಕು. ಚೌಡಿ ಒಂದು ವಿಷಯದಲ್ಲಿ ಮಾತ್ರ ಬಹಳ ಕಟ್ಟುನಿಟ್ಟು. ತೀರ್ಥ ಚಿಮುಕಿಸಿದಾಗ ಹುಂಜ ಮೈ ಕೊಡವಬೇಕು. ಕೊಡವಿದರೆ ಒಪ್ಪಿಗೆ. ಕೊಡವದಿದ್ದರೆ ಹರಕೆ ಹಾಗೇ ಉಳಿಯುತ್ತದೆ. ಹರಕೆ ಬಾಕಿ ಇರುವ ಕಾಲು ಎಷ್ಟು ದಿನ ನೆಟ್ಟಗಿದ್ದೀತು ಎಂಬುದು ವಿಶಾಲಾಕ್ಷಿಯ ಭಯ.

"ಹುಂಜ ಹೆಂಗೆ ಹೋಗ್ತದೋ ಹಂಗೇ ವಾಪಸ್ ಬರಬೇಕು ಕಣ್ರೀ," ಎಂದಳು. "ಅದು ನಿಮ್ಮ ಕಾಲು ಅಂತ ತಿಳ್ಕಳಿ."

ತಿಳಿದುಕೊಂಡೆ.

ಯುಗಾದಿ ಕಳೆದ ವಾರ ಆಲ್ದೂರಿನ ಹತ್ತಿರದ ಒಂದು ಶೆಡ್ಡಿಗೆ ಹೋಗಿ ಹನ್ನೆರಡು ಬ್ರಾಯ್ಲರ್ ಮರಿ ಕೇಳಿದೆ. ಯಾವ ಕಾರ್ಯಕ್ಕೆ ಎಂದು ಶೆಡ್ಡಿನವರು ವಿಚಾರಿಸಿದರು. ಕಾರ್ಯಕ್ಕಲ್ಲ, ಮೊಟ್ಟೆಗೆ ಎಂದೆ. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಒಂದು ಮರಿಯನ್ನು ಸುಮ್ಮನೆ ಹೆಚ್ಚಿಗೆ ಕೊಟ್ಟರು. ಗೌರವಕ್ಕೆ ಕೊಟ್ಟದ್ದೆಂದು ಭಾವಿಸಿದೆ.

ಪಶುವೈದ್ಯರನ್ನೂ ಕಂಡೆ. ಬ್ರಾಯ್ಲರಿನಿಂದ ಮೊಟ್ಟೆ ತೆಗೆಯಬಹುದು, ಆದರೆ ಗುಟ್ಟೆಲ್ಲ ಹಸಿವಿನಲ್ಲಿದೆ ಎಂದು ಅವರು ಹೇಳಿದರು. ಈ ಜಾತಿ ತಿನ್ನಲೆಂದೇ ಹುಟ್ಟಿದ್ದು. ಹೊಟ್ಟೆ ತುಂಬ ಹಾಕಿದರೆ ಕೊಬ್ಬು ಬರುತ್ತದೆ, ಮೊಟ್ಟೆ ಬರುವುದಿಲ್ಲ, ಒಂದೊಂದಕ್ಕೆ ಹೃದಯವೇ ನಿಂತು ಹೋಗುತ್ತದೆ. ದಿನಕ್ಕಿಷ್ಟು ಎಂದು ತೂಗಿ ಹಾಕಬೇಕು, ಸದಾ ಅರೆಹೊಟ್ಟೆಯಲ್ಲಿಡಬೇಕು. ಕಡಿಮೆ ಹಾಕುವುದಕ್ಕೆ ಏನು ಕಷ್ಟ ಎಂದುಕೊಂಡು ಒಂದು ತಕ್ಕಡಿ ತಂದೆ.

ಡಾಕ್ಟರು ನಮ್ಮ ಮನೆಯಲ್ಲಿ ಊಟ ಮಾಡಿದವರಲ್ಲ. ನಮ್ಮಲ್ಲಿ ಕತ್ತಿ ಕೇಳಿಕೊಂಡು ಬಂದವರೂ ತಿಂಡಿ ತಿನ್ನದೆ ಹೋಗುವಂತಿಲ್ಲ. ನೆಂಟರು ಸಾಕೆಂದು ಎಲೆಗೆ ಕೈ ಅಡ್ಡ ಹಿಡಿದರೆ ಕೈ ಮೇಲೆಯೇ ಕಡುಬು ಬೀಳುತ್ತದೆ. ಸಾಕು ಎಂಬ ಮಾತನ್ನು ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಯಾರೂ ನಂಬಿಲ್ಲ. ಅಂಥ ಮನೆಗೆ ಹದಿಮೂರು ಅತಿಥಿಗಳು, ಆರು ತಿಂಗಳು, ಅರೆಹೊಟ್ಟೆಯಲ್ಲಿ!

ಬೆಳಿಗ್ಗೆ ಏಳಕ್ಕೆ ನಾನು ತೂಗಿ ಹಾಕುತ್ತಿದ್ದೆ. ಐದು ನಿಮಿಷದಲ್ಲಿ ಎಲ್ಲ ಖಾಲಿ. ಆಮೇಲೆ ಹದಿಮೂರೂ ಜಾಲರಿಗೆ ಕುತ್ತಿಗೆ ಒತ್ತಿ ನನ್ನನ್ನೇ ನೋಡುತ್ತಿದ್ದವು. ನಾನು ಗಟ್ಟಿ ಮನಸ್ಸಿನವನು. ಎಂಟೂವರೆಯವರೆಗೆ ತಡೆದುಕೊಂಡೆ. ಇವತ್ತೊಂದು ದಿನ ಎಂದು ಎರಡು ಹಿಡಿ ಹಾಕಿದೆ. ಮರುದಿನವೂ ಇವತ್ತೊಂದು ದಿನವೇ ಆಗಿತ್ತು. ಹನ್ನೊಂದು ಗಂಟೆಗೆ ನಾನು ತೋಟದಲ್ಲಿರುವಾಗ ವಿಶಾಲಾಕ್ಷಿ ಅಕ್ಕಿರೊಟ್ಟಿ ಮುರಿದು ಹಾಕುತ್ತಿದ್ದಳು. ಮಧ್ಯಾಹ್ನ ಮೂರಕ್ಕೆ ಲಿಂಗಪ್ಪ ಮೇಸ್ತ್ರಿ, ಕೆಲಸಕ್ಕೆ ಐದು ನಿಮಿಷ ತಡವಾದರೆ ಆಳುಗಳ ಬೆವರಿಳಿಸುವ ಮನುಷ್ಯ, ಬೇಲಿ ನೋಡುವ ನೆಪದಲ್ಲಿ ಬಂದು ತನ್ನ ಬುತ್ತಿಯ ಅನ್ನ ಸುರಿದು ಹೋಗುತ್ತಿದ್ದ. ಒಬ್ಬರದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಸಂಜೆ ಮೂವರೂ ಶೆಡ್ಡಿನ ಮುಂದೆ ನಿಂತು, ಪಾಪ, ಇಷ್ಟು ಕಡಿಮೆ ತಿಂದೂ ಎಷ್ಟು ಚೆನ್ನಾಗಿ ಬೆಳೆಯುತ್ತಿವೆ ಎಂದು ಮನಸಾರೆ ಆಶ್ಚರ್ಯಪಡುತ್ತಿದ್ದೆವು.

ಮಳೆಗಾಲ ಮುಗಿಯುವಾಗ ಉಳಿದದ್ದು ಎಂಟು. ಐದು ಕೋಳಿಗಳು ಒಂದೊಂದಾಗಿ, ತಿನ್ನುತ್ತಿದ್ದ ಜಾಗದಲ್ಲೇ ತೀರಿಕೊಂಡವು. ಉಳಿದವು ನಡೆಯುವ ಅಭ್ಯಾಸವನ್ನು ಬಿಟ್ಟಿದ್ದವು. ಇದೇ ಸಕಾಲವೆಂದು ಹುಂಜವನ್ನು ಒಳಗೆ ಬಿಟ್ಟೆ. ಅದು ಒಂದು ರೆಕ್ಕೆ ಇಳಿಬಿಟ್ಟು ಮೂರು ದಿನ ಅವುಗಳ ಸುತ್ತ ಕುಣಿಯಿತು. ಒಂದೂ ತಲೆ ಎತ್ತಿ ನೋಡಲಿಲ್ಲ. ನಾಲ್ಕನೆಯ ದಿನ ಹುಂಜಕ್ಕೆ ಮನೆಯ ರೀತಿ ಅರ್ಥವಾಗಿ, ತಾನೂ ಹೋಗಿ ಊಟಕ್ಕೆ ಕುಳಿತಿತು. ತಿಂಗಳೊಳಗೆ ಅದು ಕೂಗುವುದನ್ನೂ ನಿಲ್ಲಿಸಿತು. ಕೂಗಬೇಕಾದರೆ ಎದ್ದು ನಿಲ್ಲಬೇಕಲ್ಲ.

ನವರಾತ್ರಿಯಲ್ಲಿ ಒಂದು ಮೊಟ್ಟೆ ಬಂತು. ಅಂಗೈ ತುಂಬುವಷ್ಟು ದೊಡ್ಡದು! ವಿಶಾಲಾಕ್ಷಿಯನ್ನೂ ಲಿಂಗಪ್ಪನನ್ನೂ ಕೂಗಿ ಕರೆತಂದೆ. ಅಷ್ಟರಲ್ಲಿ ಇಟ್ಟ ಕೋಳಿಯೇ ಅದರ ಮೇಲೆ ಕುಳಿತುಬಿಟ್ಟಿತ್ತು. ಕಾವು ಕೊಡುವುದಕ್ಕಲ್ಲ, ನಿಲ್ಲಲಾರದೆ. ಅದನ್ನು ಮೂವರೂ ಸೇರಿ ಸರಿಸಿ ನೋಡಿದೆವು. ಎರಡು ಹಳದಿ ಇದ್ದವೆಂದು ನೆಲದ ಮೇಲಿನ ಗುರುತಿನಿಂದ ತಿಳಿಯಿತು. ನನ್ನ ಆರು ತಿಂಗಳ ಸಂಶೋಧನೆಯ ಒಟ್ಟು ಫಲ ಅದು.

ವಿಶಾಲಾಕ್ಷಿ ಮೊಟ್ಟೆಯ ಕಡೆ ಮತ್ತೆ ನೋಡಲಿಲ್ಲ. ಮೂಲೆಯಲ್ಲಿದ್ದ ಹುಂಜವನ್ನು ಎತ್ತಲು ಹೋದಳು. ಎರಡೂ ಕೈ ಬೇಕಾಯಿತು. ಅಲ್ಲೇ ವಿಚಾರಣೆ ನಡೆಯಿತು. ಮೊದಲು ನಾನು ಒಪ್ಪಿಕೊಂಡೆ, ಆಮೇಲೆ ಲಿಂಗಪ್ಪ, ಕೊನೆಗೆ ಅವಳು. ಮೂರೂ ತಪ್ಪು ಕೂಡಿಸಿದ ಮೇಲೆ ದೊಡ್ಡ ತಪ್ಪು ನನ್ನದೇ ಎಂದು ತೀರ್ಮಾನವಾಯಿತು.

ಹುಂಜವನ್ನು ಕರಗಿಸುವ ಹೊಣೆ ನನ್ನ ಮೇಲೆ ಬಿತ್ತು. ಮೂರು ವಾರ ಬೆಳಿಗ್ಗೆ ಬೆಳಿಗ್ಗೆ ಕಾಫಿ ಒಣಗಿಸುವ ಕಣದಲ್ಲಿ ಅದನ್ನು ಓಡಿಸಿದೆ. ಅಂದರೆ ನಾನು ಓಡುತ್ತಿದ್ದೆ, ಅದು ಕುಳಿತು ನೋಡುತ್ತಿತ್ತು. ನನ್ನ ಪ್ಯಾಂಟು ಸಡಿಲವಾಯಿತು.

ಮಂಗಳವಾರ ಬಂತು. ಚೌಡಿಯ ಪೂಜೆ ಮಾಡುವವನು ಲಿಂಗಪ್ಪನೇ. ಹುಂಜವನ್ನು ಕಲ್ಲಿನ ಮುಂದಿಟ್ಟು ತೀರ್ಥ ಚಿಮುಕಿಸಿದ. ಹುಂಜ ಕಣ್ಣು ಮುಚ್ಚಿತು. ಇನ್ನೊಮ್ಮೆ ಚಿಮುಕಿಸಿದ. ಅದು ಕಾಲು ಮಡಚಿ ಕುಳಿತುಕೊಂಡಿತು. ಮೂರನೆಯ ಸಲ ಅರ್ಧ ಚೆಂಬು ನೀರನ್ನೇ ಹೊಯ್ದ. ಹುಂಜಕ್ಕೆ ನಿದ್ದೆ ಹತ್ತುವಂತೆ ಕಂಡಿತು.

"ಅಮ್ಮ ಒಪ್ತಿಲ್ಲ ಗೌಡ್ರೇ," ಎಂದ ಲಿಂಗಪ್ಪ.

ವಿಶಾಲಾಕ್ಷಿಯ ಕಣ್ಣಲ್ಲಿ ನೀರು ತುಂಬಿತು. ಅವಳು ನೋಡುತ್ತಿದ್ದದ್ದು ಹುಂಜವನ್ನಲ್ಲ, ನನ್ನ ಬಲಗಾಲನ್ನು. ನನಗೆ ನಿಜವಾಗಿ ನಾಚಿಕೆಯಾಯಿತು. ಎರಡು ತಿಂಗಳು ನನ್ನನ್ನು ಎಬ್ಬಿಸಿ, ಕೂರಿಸಿ, ಸ್ನಾನ ಮಾಡಿಸಿದವಳು ಅವಳು. ಅವಳು ನನ್ನನ್ನು ಕೇಳಿದ್ದು ಒಂದು ಹುಂಜವನ್ನು ಹುಂಜವಾಗಿ ಉಳಿಸಿಕೊಡಿ ಎಂದು ಮಾತ್ರ. ಏನಾದರೂ ಮಾಡಲೇಬೇಕೆಂದು ಬಗ್ಗಿ, ಹುಂಜವನ್ನು ಎರಡೂ ಕೈಯಲ್ಲಿ ಎತ್ತಿ ನಿಲ್ಲಿಸಿದೆ. ಅದೇ ಹೊತ್ತಿಗೆ ಲಿಂಗಪ್ಪ ಉಳಿದ ನೀರನ್ನು ಎರಚಿದ. ತಣ್ಣಗಿನ ತೊರೆ ನೀರು ನನ್ನ ಕಿವಿಯೊಳಗೆ ಹೋಗಿ ಬೆನ್ನಿಗಿಳಿಯಿತು. ನಾನು ತಲೆಯಿಂದ ಕಾಲಿನವರೆಗೆ ಜೋರಾಗಿ ಮೈ ಕೊಡವಿದೆ.

ಕೈ ತಪ್ಪಿದ ಹುಂಜ ಮತ್ತೆ ಕುಳಿತುಕೊಂಡಿತು. ಲಿಂಗಪ್ಪ ಕುಂಕುಮದ ತಟ್ಟೆ ಹಿಡಿದು ಹುಂಜವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ.

"ಕೊಡವಿದ್ದಂತೂ ಹೌದು," ಎಂದು ನಿಧಾನವಾಗಿ ಹೇಳಿದ. "ಎಂತ ಮಾಡೂದು ಅಮ್ಮಾವ್ರೇ?"

ವಿಶಾಲಾಕ್ಷಿ ಸ್ವಲ್ಪ ಯೋಚಿಸಿದಳು. ಅಷ್ಟು ಹೊತ್ತು ಯೋಚಿಸಬಾರದಿತ್ತು. ಆಮೇಲೆ ಕೈ ಮುಗಿದಳು.

"ಅಮ್ಮಾ, ಇವ್ರೂ ಬ್ಯಾಡ, ಈ ಹುಂಜನೂ ಬ್ಯಾಡ. ಬರೋ ವರ್ಷ ಒಳ್ಳೇದೊಂದು ತಂದು ಒಪ್ಪಿಸ್ತೀನಿ. ಇವ್ರ ಕಾಲು ಕಾಯ್ಕೊಂಡಿರು. ಹುಂಜನ ಮಾತ್ರ ಇವ್ರ ಕೈಗೆ ಕೊಡಲ್ಲ."

ಆ ಮಾತು ಮುಗಿದದ್ದೇ ತಡ, ಹುಂಜ ಎದ್ದು ನಿಂತು, ಜುಟ್ಟಿನಿಂದ ಬಾಲದವರೆಗೆ ಮೈ ಕೊಡವಿತು. ಹನಿಗಳು ಮೂವರ ಮೇಲೂ ಬಿದ್ದವು.

"ಈಗ ಒಪ್ಪಿದ್ಲು, ಬರೋ ವರ್ಷಕ್ಕೆ," ಎಂದ ಲಿಂಗಪ್ಪ. ನಾನು ಕೊಡವಿದ್ದರ ಬಗ್ಗೆ ಅವನು ಮತ್ತೆ ಮಾತೆತ್ತಲಿಲ್ಲ.

ಬನದಿಂದ ಮನೆಗೆ ಏರುದಾರಿ. ಹುಂಜ ಎರಡು ಹೆಜ್ಜೆ ನಡೆದು ಕುಳಿತುಬಿಟ್ಟಿತು. ನಾನು ಎತ್ತಿಕೊಂಡೆ. ಅರ್ಧ ದಾರಿಯಲ್ಲಿ ವಿಶಾಲಾಕ್ಷಿ ನಿಂತು, ಕಾಲು ನೋಯುತ್ತಿದೆಯೇ ಎಂದು ಕೇಳಿದಳು. ಸ್ವಲ್ಪವೂ ಇಲ್ಲ ಎಂದೆ. ಅವಳಿಗೆ ಎಷ್ಟು ಸಮಾಧಾನವಾಯಿತೆಂದರೆ, ಪೂಜೆಯ ಬುಟ್ಟಿಯನ್ನೂ ನನ್ನ ಕೈಗೆ ಕೊಟ್ಟು ಮುಂದೆ ನಡೆದಳು.