ಆರು ಕೋಣ, ಎರಡು ಲಾರಿ

ಹೆಂಡತಿಗೆ ಕಾರು ಓಡಿಸುವುದನ್ನು ಗಂಡನಾದವನು ಕಲಿಸಬಾರದು ಎಂದು ಅನುಭವಸ್ಥರು ಹೇಳುತ್ತಾರೆ. ನಮ್ಮ ಮನೆಯಲ್ಲಿ ಕಾರಿಲ್ಲವಾದ್ದರಿಂದ ಆ ಗಂಡಾಂತರ ನನಗಿಲ್ಲ ಎಂದುಕೊಂಡಿದ್ದೆ. ತ್ರಿಕೋನಮಿತಿಯ ವಿಷಯದಲ್ಲಿ ಯಾರೂ ಎಚ್ಚರಿಸಿರಲಿಲ್ಲ. ಕಾರಾದರೆ ಗುದ್ದಿದ ಕೂಡಲೇ ಸದ್ದಾಗುತ್ತದೆ, ನಾಲ್ಕು ಜನ ಸೇರುತ್ತಾರೆ, ತಪ್ಪು ಯಾರದೆಂದು ಅಲ್ಲೇ ತೀರ್ಮಾನವಾಗುತ್ತದೆ. ಲೆಕ್ಕದಲ್ಲಿ ಗುದ್ದಿದ್ದು ತಿಂಗಳುಗಟ್ಟಲೆ ಗೊತ್ತೇ ಆಗುವುದಿಲ್ಲ. ನಾನು ಸೇಲಂ ಹೊರಗಿನ ಒಂದು ಸಬ್ಬಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವವನು. ಒಳಗೆ ಬಂದ ಮರಗೆಣಸಿನ ಲೋಡು, ಹೊರಗೆ ಹೋದ ಮೂಟೆ, ಇವನ್ನು ಕೂಡಿಸಿ ಕಳೆಯುವುದಷ್ಟೇ ನನ್ನ ವಿದ್ಯೆ. ಅದನ್ನೂ ಈಗ ಕಂಪ್ಯೂಟರ್ ಮಾಡುತ್ತದೆ. ಅದು ಮಾಡಿದ್ದನ್ನು ನೋಡಿ ನಾನು ತಲೆಯಾಡಿಸುತ್ತೇನೆ. ಆದರೆ ನಮ್ಮದು ಮಗ್ಗದವರ ಬೀದಿ. ಅಲ್ಲಿ ಲೆಕ್ಕ ಬರೆಯುವವನಿಗೂ ಲೆಕ್ಕ ಬಲ್ಲವನಿಗೂ ಯಾರೂ ಭೇದ ಎಣಿಸುವುದಿಲ್ಲ. ಎಣಿಸದೇ ಇದ್ದದ್ದು ನನಗೂ ಹಿತವಾಗಿಯೇ ಇತ್ತು.

ನನ್ನ ಹೆಂಡತಿ ಮಂಗಳ ಕೊಳ್ಳೇಗಾಲದ ಕಡೆಯವಳು. ಅಲ್ಲಿಯ ಕನ್ನಡ ಶಾಲೆಯಲ್ಲಿ ಒಂಬತ್ತರವರೆಗೆ ಓದಿ, ಬಿಟ್ಟು, ಕೆಲವು ವರ್ಷ ಅಪ್ಪನ ಮಗ್ಗದ ಪಕ್ಕದಲ್ಲಿ ಕಳೆದು, ಆಮೇಲೆ ನನ್ನನ್ನು ಕಟ್ಟಿಕೊಂಡು ಇಲ್ಲಿಗೆ ಬಂದಳು. ಇಲ್ಲಿಯೂ ಕೈಮಗ್ಗದ ಸೊಸೈಟಿಯೊಂದರಲ್ಲಿ ನೂಲು ಸುತ್ತುವುದೇ ಕೆಲಸ. ನೂಲಿನ ಧೂಳಿಗೆ ಅವಳಿಗೆ ಕೆಮ್ಮು ಹತ್ತಿತ್ತು. ಆ ಸೊಸೈಟಿಯದೇ ಒಂದು ಸೀರೆಯಂಗಡಿಯುಂಟು. ಬಂದವರ ಮುಂದೆ ಸೀರೆ ಬಿಚ್ಚಿ ಹರಡಿ, ಸೆರಗನ್ನು ತೋಳಿನ ಮೇಲೆ ಹಾಕಿ ತೋರಿಸುವ ಆ ಕೆಲಸದ ಮೇಲೆ ಅವಳಿಗೆ ಮೊದಲಿನಿಂದಲೂ ಕಣ್ಣು. ಅಲ್ಲಿದ್ದ ಹೆಂಗಸು ಬಿಡುವವಳಿದ್ದಳು. ಹತ್ತನೇ ಕ್ಲಾಸು ಪಾಸಾಗಿದ್ದರೆ ಜಾಗ ನಿನಗೇ ಎಂದು ಸೊಸೈಟಿಯವರು ಮಂಗಳನಿಗೆ ಹೇಳಿದರು. ಅವಳು ಮರುದಿನವೇ ತವರಿಗೆ ಫೋನ್ ಮಾಡಿ, ಅಲ್ಲಿಂದಲೇ ಖಾಸಗಿಯಾಗಿ ಪರೀಕ್ಷೆ ಕಟ್ಟುವ ಏರ್ಪಾಡು ಮಾಡಿ, ಕನ್ನಡದ ಪುಸ್ತಕಗಳನ್ನೆಲ್ಲ ತರಿಸಿಕೊಂಡಳು. ಉಳಿದ ವಿಷಯ ತಾನೇ ಓದಿಕೊಂಡಳು. ಲೆಕ್ಕಕ್ಕೆ ನೀವಿದ್ದೀರಲ್ಲ ಎಂದಳು. ನಾನು ಇಲ್ಲ ಎನ್ನಬಹುದಿತ್ತು. ಬೀದಿಯೆಲ್ಲ ಒಪ್ಪಿಕೊಂಡ ಪಾಂಡಿತ್ಯವನ್ನು ಸ್ವಂತ ಜಗಲಿಯ ಮೇಲೆ ನಿರಾಕರಿಸುವುದು ಹೇಗೆ?

ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಜಗಲಿಯ ಮೇಲೆ ಪಾಠ. ಮೊದಲ ದಿನವೇ ತೊಡಕು ಬಂತು. ನಾನು ಓದಿದ್ದು ತಮಿಳಿನಲ್ಲಿ. ಮನೆಯಲ್ಲಿ ಕನ್ನಡ ಮಾತಾಡುತ್ತೇನೆಯೇ ಹೊರತು ಲೆಕ್ಕ, ಬೈಗುಳ, ಸರ್ಕಾರಿ ಅರ್ಜಿ ಈ ಮೂರೂ ನನಗೆ ತಮಿಳಿನಲ್ಲೇ ಬರುವುದು. ತಮಿಳಿನಲ್ಲಿ ಕೋನಕ್ಕೆ ‘ಕೋಣಂ’ ಎನ್ನುತ್ತಾರೆ, ತ್ರಿಕೋನಕ್ಕೆ ‘ಮುಕ್ಕೋಣಂ’. ಕನ್ನಡದಲ್ಲಿ ಪಾಠ ಮಾಡುತ್ತಿದ್ದೇನೆಂಬ ಎಚ್ಚರದಲ್ಲಿ ನಾನು ಕೊನೆಯ ಸೊನ್ನೆಯೊಂದನ್ನು ಕಿತ್ತು, ಮುಕ್ಕೋಣ, ಮೂರು ಕೋಣ ಎಂದು ಶುರುಮಾಡಿದೆ. ಗೋಪುರದ ಮೇಲೊಂದು ಕೋಣ ಐತೆ, ಕೆಳಗೊಂದು ಕೋಣ ಐತೆ, ಮೇಲಿಂದ ನೋಡಿದರೆ ಇಳಿಯೋ ಕೋಣ, ಕೆಳಗಿಂದ ನೋಡಿದರೆ ಏರೋ ಕೋಣ. ಮಂಗಳ ಸೆರಗನ್ನು ಬಾಯಿಗೆ ಒತ್ತಿಕೊಂಡು ಬಹಳ ಹೊತ್ತು ಕೂತಿದ್ದಳು. ಆಮೇಲೆ, “ಏನ್ರೀ, ಲೆಕ್ಕ ಏಳ್ಕೊಡ್ತಿದೀರೋ, ಸಂತೆಗೆ ಒಂಟಿದೀರೋ?” ಎಂದಳು. ಎರಡು ತ್ರಿಕೋನದ ಲೆಕ್ಕ ಬಂದ ದಿನ ನಮ್ಮ ಜಗಲಿಯ ಮೇಲೆ ಒಟ್ಟು ಆರು ಕೋಣ ಸೇರಿದವು. ಎದುರು ಮನೆಯವರೂ ನಕ್ಕರು. ನನಗೆ ನಗು ಬರಲಿಲ್ಲ. ಗುರುವಿನ ಸ್ಥಾನದಲ್ಲಿ ಕೂತ ಮೇಲೆ ಮನುಷ್ಯನ ಮುಖ ಹೇಗೆ ಗಂಟಾಗುತ್ತದೆ ಎಂಬುದು ಕೂತವನಿಗೆ ಕಾಣುವುದಿಲ್ಲ. ಅಂದು ಅವಳ ಜೊತೆ ನಾನೂ ನಕ್ಕುಬಿಟ್ಟಿದ್ದರೆ ಮುಂದಿನದೊಂದೂ ಆಗುತ್ತಿರಲಿಲ್ಲವೋ ಏನೋ.

ಆ ಎರಡು ತ್ರಿಕೋನದ ಲೆಕ್ಕ ಇಷ್ಟೆ. ಒಂದು ಗೋಪುರ, ಎತ್ತರ ಕೊಟ್ಟಿದ್ದಾರೆ. ಅದರ ತುದಿಯಲ್ಲಿ ಒಬ್ಬ ನಿಂತಿದ್ದಾನೆ. ಕೆಳಗೆ ರಸ್ತೆಯಲ್ಲಿ, ಒಂದೇ ದಿಕ್ಕಿನಲ್ಲಿ, ಹತ್ತಿರ ಒಂದು ಲಾರಿ, ದೂರ ಒಂದು ಲಾರಿ. ಒಂದರ ಅವನತ ಕೋನ ಮೂವತ್ತು ಡಿಗ್ರಿ, ಇನ್ನೊಂದರದು ಅರವತ್ತು. ಲಾರಿಗಳ ನಡುವೆ ಎಷ್ಟು ದೂರ? ಒಂದೊಂದು ಲಾರಿಗೆ ಒಂದೊಂದು ತ್ರಿಕೋನ, ಎರಡಕ್ಕೂ ಗೋಪುರ ಒಂದೇ. ಅವನತ ಎಂಬ ಶಬ್ದ ನನಗೆ ಗೊತ್ತಿರಲಿಲ್ಲ. ಮಂಗಳನಿಗೆ ಗೊತ್ತಿತ್ತು. ಅವನತ ಎಂದರೆ ಬಗ್ಗಿದ್ದು, ಗೋಪುರದ ಮೇಲಿರುವವನು ಮೊದಲು ನೇರ ಮುಂದಕ್ಕೆ ನೋಡಿ ಆಮೇಲೆ ತಲೆ ಎಷ್ಟು ಬಗ್ಗಿಸುತ್ತಾನೋ ಅಷ್ಟು ಕೋನ ಎಂದು ಅವಳು ಹೇಳಿದಳು. ನಾನು ಒಪ್ಪಲಿಲ್ಲ. ತಮಿಳಿನಲ್ಲಿ ಅದಕ್ಕೆ ‘ಇರಕ್ಕಕ್ಕೋಣಂ’ ಎನ್ನುತ್ತಾರೆ; ಇರಕ್ಕಂ ಎಂದರೆ ಇಳಿತ; ಇಳಿಯುವುದು ಗೋಪುರದಿಂದ; ಆದ್ದರಿಂದ ಗೋಪುರದ ಗೋಡೆಯಿಂದಲೇ ಕೋನ ಅಳೆಯಬೇಕು ಎಂದು ವಾದಿಸಿದೆ. ಮೂವತ್ತು ವರ್ಷದ ಹಿಂದೆ ಮೇಷ್ಟರು ಹಾಗೆ ಹೇಳಿರಲಿಲ್ಲವೆಂದು ಈಗ ಗೊತ್ತು. ಆಗ ಅವರ ದನಿ ಕೂಡ ಕಿವಿಯಲ್ಲಿ ಕೇಳಿಸಿದ ಹಾಗಿತ್ತು.

“ದೂರದ ಲಾರಿ ನೋಡೋಕೆ ಕಮ್ಮಿ ಬಗ್ಬೇಕು, ಅತ್ರದ್ದು ನೋಡೋಕೆ ಜಾಸ್ತಿ ಬಗ್ಬೇಕು ಅಲ್ವಾ?” ಎಂದಳು ಮಂಗಳ. “ನಿಮ್ ಲೆಕ್ಕದಲ್ಲಿ ಅದು ತಿರುಗಮುರುಗ ಆಗೋಯ್ತು.”

ನಾನು ಪುಸ್ತಕದ ಹಿಂದಿನ ಪುಟ ತೆಗೆದು ತೋರಿಸಿದೆ. ಉತ್ತರ ಅಚ್ಚುಕಟ್ಟಾಗಿ ನನ್ನದೇ. ವಿಚಿತ್ರವೆಂದರೆ ಅವಳ ದಾರಿಯಲ್ಲಿ ಹೋದರೂ ಅದೇ ಉತ್ತರ ಬಂತು. ಇಬ್ಬರದೂ ಸರಿಯಾದಾಗ ಯಾರ ದಾರಿ ಇಟ್ಟುಕೊಳ್ಳಬೇಕು? ಸಂಸಾರದ ಶಾಸ್ತ್ರದ ಪ್ರಕಾರ ಯಜಮಾನನದು. ಉಳಿದ ಲೆಕ್ಕಗಳೂ ಇದೇ ಜಾತಿಯವು ಎಂದು ಪುಸ್ತಕ ಮುಚ್ಚಿಸಿ, ಬಸ್ಸು ಹಿಡಿದು ಗಿರಣಿಗೆ ಹೋದೆ. ದಾರಿಯುದ್ದಕ್ಕೂ ನನ್ನ ಬಗ್ಗೆ ನನಗೇ ಗೌರವ ಉಕ್ಕುತ್ತಿತ್ತು. ಟಿಕೆಟು ತೆಗೆದುಕೊಳ್ಳುವುದನ್ನೂ ಮರೆತಿದ್ದೆ.

ಮಂಗಳ ಕೊಳ್ಳೇಗಾಲಕ್ಕೆ ಹೋಗಿ ಪರೀಕ್ಷೆ ಬರೆದು ಬಂದಳು. ಲೆಕ್ಕದ ಪತ್ರಿಕೆಯಲ್ಲಿ ಗೋಪುರವೂ ಬಂದಿತ್ತು, ಎರಡು ಲಾರಿಯೂ ಬಂದಿದ್ದವು. ಕೋನ ಮಾತ್ರ ಮೂವತ್ತು ಮತ್ತು ನಲವತ್ತೈದು. ನಾನು ಪ್ರಶ್ನೆಪತ್ರಿಕೆ ಇಟ್ಟುಕೊಂಡು ನನ್ನ ದಾರಿಯಲ್ಲೇ ಮಾಡಿ, ಪೂರ್ತಿ ಅಂಕ ಎಂದು ಸಾರಿದೆ. ಅವಳು ಹೂಂ ಎಂದಳು. ಫಲಿತಾಂಶ ಬಂದಾಗ ಎಲ್ಲದರಲ್ಲೂ ಪಾಸು, ಲೆಕ್ಕದಲ್ಲಿ ಎರಡೋ ಮೂರೋ ಅಂಕಕ್ಕೆ ಫೇಲು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಪೇಪರು ತಿದ್ದಿದವನಿಗೆ ಕಣ್ಣು ಕಾಣುವುದಿಲ್ಲವೆಂದು ನಾನು ವಾರಗಟ್ಟಲೆ ಕೂಗಾಡಿದೆ, ತಮಿಳಿನಲ್ಲಿ. ಸೀರೆಯಂಗಡಿಗೆ ಬೇರೆ ಯಾರೋ ಬಂದರು. ಮಂಗಳ ನೂಲಿಗೂ ಕೆಮ್ಮಿಗೂ ವಾಪಸು ಹೋದಳು.

ಕೆಲವು ದಿನಗಳಾದ ಮೇಲೆ ಗಿರಣಿಯ ಮಾಲೀಕರ ಸಂಬಂಧಿಕರ ಮದುವೆಗೆಂದು ಬೆಟ್ಟದ ಮೇಲಿನ ಏರ್ಕಾಡಿಗೆ ಹೋಗಬೇಕಾಯಿತು. ಊಟವಾದ ಮೇಲೆ ಬಸ್ಸಿಗೆ ಹೊತ್ತಿತ್ತು. ಕೆಳಗಿನ ಬಯಲು ಕಾಣುವ ಕಡೆ ಕಟಕಟೆ ಹಿಡಿದು ನಿಂತೆ. ನೇರ ನೋಡಿದೆ: ಬರೀ ಆಕಾಶ. ದೂರದ ಸೇಲಂ ನೋಡಲು ತಲೆಯನ್ನು ಕೊಂಚ ಬಗ್ಗಿಸಿದರೆ ಸಾಕಾಯಿತು. ಕೆಳಗಿನ ತಿರುವಿನಲ್ಲಿ ಏದುತ್ತ ಏರುತ್ತಿದ್ದ ಬಸ್ಸು ನೋಡಲು ಗದ್ದ ಎದೆಗೆ ತಾಗಿತು. ಮತ್ತೊಮ್ಮೆ ಸೇಲಂ ನೋಡಿದೆ, ಮತ್ತೊಮ್ಮೆ ಬಸ್ಸು ನೋಡಿದೆ. ಪಕ್ಕದಲ್ಲಿದ್ದವರು ನನಗೆ ಕುತ್ತಿಗೆ ನೋವೆಂದು ತಿಳಿದು ಮುಲಾಮಿನ ಹೆಸರು ಹೇಳಿದರು. ಮಂಗಳ ಹೇಳಿದ್ದು ಅಕ್ಷರಶಃ ನಿಜ. ಹಾಗಾದರೆ ಅಂದು ನನ್ನ ಉತ್ತರ ಸರಿ ಬಂದದ್ದು ಹೇಗೆ? ಬಸ್ಸಿನಲ್ಲಿ ಇಳಿಯುವಾಗ ಅದೂ ಹೊಳೆಯಿತು. ಗೋಡೆಯಿಂದ ಅಳೆದರೆ ಮೂವತ್ತು ಅರವತ್ತಾಗುತ್ತದೆ, ಅರವತ್ತು ಮೂವತ್ತಾಗುತ್ತದೆ. ಲಾರಿಗಳು ತಮ್ಮೊಳಗೆ ಜಾಗ ಬದಲಾಯಿಸಿಕೊಳ್ಳುತ್ತವೆ. ನಡುವಿನ ದೂರ ಅಷ್ಟೇ ಉಳಿಯುತ್ತದೆ. ಕೂಡಿದರೆ ತೊಂಬತ್ತಾಗದ ಮೂವತ್ತು ಮತ್ತು ನಲವತ್ತೈದಕ್ಕೆ ಆ ಸೌಕರ್ಯವಿಲ್ಲ. ಒಂದೇ ಒಂದು ಲೆಕ್ಕ ನನ್ನ ಮಾನ ಉಳಿಸಿತ್ತು, ಅದರಿಂದಲೇ ಅವಳ ಕೆಲಸ ಹೋಗಿತ್ತು.

ಮನೆಗೆ ಬಂದಾಗ ಮಂಗಳ ಅವರೆಕಾಯಿ ಬಿಡಿಸುತ್ತಿದ್ದಳು. ನಾನೂ ಕೂತು ಎರಡು ಕಾಯಿ ಬಿಡಿಸಿ, ಏರ್ಕಾಡಿನ ಹವೆಯಿಂದ ಶುರುಮಾಡಿ, ಸುತ್ತಿ ಬಳಸಿ ಗೋಪುರದ ಗೋಡೆಗೆ ಬಂದೆ. ತಪ್ಪು ನನ್ನದು ಎಂದೆ. ಅವಳು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

“ಗೊತ್ತು,” ಎಂದಳು. “ಪರೀಕ್ಷೆಲೇ ಅನ್ಮಾನ ಬಂತು. ಎರಡು ತರದಲ್ಲೂ ಮಾಡಿ ನೋಡ್ದೆ, ಬೇರೆ ಬೇರೆ ಬಂತು. ಮೊದ್ಲು ನಂದೇ ಬರ್ದಿದ್ದೆ. ಆಮೇಲೆ ಅದನ್ನ ಒಡ್ದಾಕ್ಬುಟ್ಟು ನಿಮ್ದು ಬರ್ದೆ.”

ಯಾಕೆಂದು ಕೇಳಿದೆ. ಕೇಳಬಾರದಿತ್ತು.

“ನೀವು ಲೆಕ್ಕ ಬಲ್ಲೋರು ಅಂದ್ಕೊಂಡಿದ್ದೆ.”

ಸಿಟ್ಟಿಲ್ಲ, ಕೊಂಕಿಲ್ಲ, ಊರ ಸುದ್ದಿ ಹೇಳಿದ ಹಾಗೆ ಹೇಳಿದಳು. ನಾನು ಅವಳ ಮುಖ ನೋಡಲಾಗದೆ ಅವರೆಕಾಳು ನೋಡುತ್ತ ಕೂತೆ. ಮಾನ ಹೋದದ್ದಕ್ಕೆ ಅಷ್ಟು ದುಃಖವಾಗಲಿಲ್ಲ. ಸರಿಯಾಗಿ ಬರೆದದ್ದನ್ನು ತನ್ನ ಕೈಯಾರೆ ಗೀಟೆಳೆದು ಹೊಡೆದುಹಾಕುವಾಗ ಅವಳು ನನ್ನ ಮೇಲೆ ಇಟ್ಟಿದ್ದ ನಂಬಿಕೆ ಎಷ್ಟಿತ್ತೆಂದು ನೆನೆದರೆ ಈಗಲೂ ದುಃಖವಾಗುತ್ತದೆ.

ಅವಳು ಮತ್ತೆ ಪರೀಕ್ಷೆ ಕಟ್ಟಿದಳು. ಸೀರೆಯಂಗಡಿಯ ಜಾಗ ಇನ್ನು ಯಾವಾಗ ಖಾಲಿಯಾಗುತ್ತದೋ ಯಾರಿಗೆ ಗೊತ್ತು, ಆದರೂ ಕಟ್ಟಿದಳು. ಈ ಸಲ ಒಳಗಿನ ಕೋಣೆಯಲ್ಲಿ ಒಬ್ಬಳೇ ಓದಿದಳು. ನಾನು ಕಾಫಿ ಮಾಡಿಕೊಡುತ್ತಿದ್ದೆ, ಲೋಟ ಇಡುವ ನೆಪದಲ್ಲಿ ಒಂದು ಗಳಿಗೆ ನಿಲ್ಲುತ್ತಿದ್ದೆ. ಅವಳು ತಲೆಯೆತ್ತಿ, ಸಕ್ಕರೆ ಸರಿಯಾಗಿದೆ ಎಂದು ಹೇಳಿ ಮತ್ತೆ ತಲೆ ತಗ್ಗಿಸುತ್ತಿದ್ದಳು. ಹೊರಡುವ ಹಿಂದಿನ ಸಂಜೆ ಮಾತ್ರ, ಮೆಟ್ಟೂರಿನ ಮೇಲೆ ಹೋಗುವ ಕೊಳ್ಳೇಗಾಲದ ಬಸ್ಸು ಬೆಳಿಗ್ಗೆ ಎಷ್ಟೊತ್ತಿಗೆ ಎಂದು ನನ್ನನ್ನು ಕೇಳಿದಳು. ಎಷ್ಟೋ ದಿನಗಳ ಮೇಲೆ ಪ್ರಶ್ನೆಯೊಂದು ನನ್ನ ಪಾಲಿಗೆ ಬಂದಿತ್ತು. ಐದೂವರೆಗೆ ಎಂದು ಹಿಗ್ಗಿನಿಂದ ಹೇಳಿದೆ. ಸರಿ ಎಂದು ತಲೆಯಾಡಿಸಿ, ಜಗಲಿಗೆ ಹೋಗಿ, ಎದುರು ಮನೆಯಾಕೆಯನ್ನು ಮೆಲ್ಲಗೆ ಅದನ್ನೇ ಕೇಳಿದಳು. ಆಕೆಯೂ ಐದೂವರೆ ಎಂದಳು. ಇಬ್ಬರ ಉತ್ತರವೂ ಒಂದೇ ಬಂತಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ. ಹಿತ್ತಿಲಿಗೆ ಹೋಗಿ, ಅವಳಿಗೆ ಕೇಳಿಸದ ಹಾಗೆ ದನಿ ತಗ್ಗಿಸಿ, ಬಸ್ ಸ್ಟ್ಯಾಂಡಿನಲ್ಲಿ ಕೆಲಸ ಮಾಡುವ ಪರಿಚಯದವನಿಗೆ ಫೋನ್ ಹಚ್ಚಿದೆ.