ಮೀನಿಗೆ ಬೆಳಗಾಗುವ ಹೊತ್ತು

ಇವತ್ತು ಹಾಲು ಕಾಯಿಸಿದೆ, ದೋಸೆ ಹುಯ್ದೆ, ಬಟ್ಟೆ ಒಣಗಿಹಾಕಿದೆ, ಯಜಮಾನರ ಬಿ.ಪಿ. ಮಾತ್ರೆ ಹುಡುಕಿಕೊಟ್ಟೆ, ಅರಕಲಗೂಡಿನ ಬಸ್ಸಿಗೆಂದು ಸೀರೆ ಉಟ್ಟು ಕುಳಿತೆ. ಇಷ್ಟೆಲ್ಲ ಆದರೂ ನಮ್ಮ ಮನೆಯ ಮೀನುಗಳಿಗೆ ಇನ್ನೂ ಬೆಳಗಾಗಿರಲಿಲ್ಲ. ಸೋಮವಾರ ನೋಡಿ. ರಾಹುಕಾಲ ಕಳೆಯದೆ ಅವುಗಳ ದೀಪ ಹತ್ತುವಂತಿಲ್ಲ!

ಹಾಸನದಲ್ಲಿ ಎಲ್ಲರಿಗೂ ಒಬ್ಬನೇ ಸೂರ್ಯ. ನಮ್ಮ ಮನೆಯಲ್ಲಿ ಮಾತ್ರ ಇಬ್ಬರು. ಎರಡನೆಯವನನ್ನು ಹುಟ್ಟಿಸಿ ಮುಳುಗಿಸುವವರು ನಮ್ಮ ಭಾವ, ಯಜಮಾನರ ಅಣ್ಣ. ಮದುವೆಯಾಗಲಿಲ್ಲ. ಹೊಳೆನರಸೀಪುರದಲ್ಲಿ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರಾಗಿದ್ದವರು ನಿವೃತ್ತರಾದ ಮೇಲೆ ಒಂದು ಟ್ರಂಕು, ಒಂದು ಗಾಜಿನ ಮೀನಿನ ತೊಟ್ಟಿ ಹಿಡಿದು ನಮ್ಮ ಮನೆಗೆ ಬಂದರು. ಟ್ರಂಕು ಅಟ್ಟ ಸೇರಿತು. ತೊಟ್ಟಿ ಹಜಾರದಲ್ಲಿ ಟಿ.ವಿ. ಜಾಗ ಹಿಡಿಯಿತು. ಟಿ.ವಿ. ಅಡುಗೆಮನೆಗೆ ಬಂತು. ನನಗಾದ ಲಾಭ ಅದೊಂದೇ.

ಆಗ ತೊಟ್ಟಿಯ ದೀಪವೆಂದರೆ ಮುಚ್ಚಳದೊಳಗಿನ ಹಳೆಯ ಟ್ಯೂಬ್‌ಲೈಟು. ಒಂದು ಸಂಜೆ ಭಾವ ನೀರಿಗೆ ಕೈ ಅದ್ದಿದವರು ನನ್ನ ಕಣ್ಣೆದುರೇ ಹಿಂದಕ್ಕೆ ಎಗರಿ ಬಿದ್ದರು. ನೀರು ವೈರಿನ ಗುಂಟ ಜಾರಿ ಪ್ಲಗ್ಗಿನವರೆಗೂ ಹೋಗಿತ್ತು. ಎದ್ದು ಕುಳಿತು ಅವರು ಮೊದಲು ವಿಚಾರಿಸಿದ್ದು ಮೀನುಗಳ ಆರೋಗ್ಯ. ನಾನು ಅಂದೇ ಹೇಳಿದೆ, ಇನ್ನೊಮ್ಮೆ ಹೀಗೆ ಭಯವಾದರೆ ತೊಟ್ಟಿ ಅರಕಲಗೂಡಿನ ನನ್ನಕ್ಕನ ಮನೆಗೆ. ಭಾವ ಪಾಠ ಒಪ್ಪಿಸುವ ಹುಡುಗನ ಹಾಗೆ ನಿಂತು, ದೀಪವನ್ನು ಯಾರೂ ಮುಟ್ಟದೆ ಅದೇ ಹತ್ತಿ ಅದೇ ಆರುವಂತೆ ಮಾಡುತ್ತೇನೆ ಎಂದರು.

ಮೊದಲು ಬಂದದ್ದು ದೀಪವನ್ನು ಮೆಲ್ಲಗೆ ಏರಿಸಿ ಇಳಿಸುವ ಪೆಟ್ಟಿಗೆ. ಬಲ್ಬಿಗೆಂದು ಮಾಡಿದ್ದನ್ನು ಚೋಕಿರುವ ಟ್ಯೂಬಿಗೆ ಸಿಕ್ಕಿಸಿ, ಸೂರ್ಯೋದಯ ನೋಡಲು ನಮ್ಮನ್ನು ಸಾಲಾಗಿ ಕೂರಿಸಿದರು. ಸೂರ್ಯ ಗುಂಯ್ ಅಂದ, ಹತ್ತಾರು ಸಲ ಕಣ್ಣು ಹೊಡೆದ, ಸುಟ್ಟ ವಾಸನೆ ಬಿಟ್ಟು ತೀರಿಕೊಂಡ. ಪ್ರಯೋಗ ಅಂದ ಮೇಲೆ ಇದೆಲ್ಲ ಇದ್ದದ್ದೇ ಎಂದರು ಭಾವ. ಕಿಟಕಿ ತೆರೆದವಳು ನಾನು.

ಆಮೇಲೆ ಎಲ್‌ಇಡಿ ಪಟ್ಟಿ, ಫೋನಿನಿಂದ ಹತ್ತಿಸಿ ಆರಿಸುವ ಇನ್ನೊಂದು ಪೆಟ್ಟಿಗೆ. ಕರೆಂಟು ಹೋಗಿ ಬಂದಾಗಲೆಲ್ಲ ಅದು ತಾನಾಗಿ ಹತ್ತಿಕೊಳ್ಳುತ್ತಿತ್ತು. ಮಳೆಗಾಲದಲ್ಲಿ ನಮ್ಮ ಬೀದಿಗೆ ಕರೆಂಟು ಎಷ್ಟು ಸಲ ಹೋಗಿ ಬರುತ್ತದೆ? ಅಷ್ಟು ಸಲವೂ ಮೀನುಗಳು ಎದ್ದು ತಿಂಡಿಗೆ ಬಂದು ನಿಂತವು!

ಚನ್ನರಾಯಪಟ್ಟಣದ ಮದುವೆಯೊಂದರ ಸಂಜೆ ಊಟದ ಪಂಕ್ತಿಯಲ್ಲಿ ಭಾವನ ಬಲಗೈಲಿ ಹೋಳಿಗೆ, ಎಡಗೈಲಿ ಫೋನು. ಏನು ಮಾಡ್ತಿದ್ದೀರಿ ಮೇಷ್ಟ್ರೇ ಎಂದು ಪಕ್ಕದವರು ಕೇಳಿದರು.

"ಮುಸ್ಸಂಜೆ ಮಾಡ್ತಿದ್ದೀನಿ" ಎಂದರು. ಆ ಮನುಷ್ಯ ಎಲೆ ಸಮೇತ ಅತ್ತ ಸರಿದು ಕುಳಿತ.

ವಿಜ್ಞಾನದ ಮೇಷ್ಟ್ರಿಗೆ ರಾಹುಕಾಲವೇಕೆ ಎಂದು ಒಮ್ಮೆ ಕೇಳಿದ್ದೆ. "ದೀಪ ಹೆಂಗೆ ಹತ್ತತ್ತೆ ಅಂತ ವಿಜ್ಞಾನ ಹೇಳತ್ತೆ. ಯಾವಾಗ ಹತ್ತಿಸ್ಬೇಕು ಅಂತ ಎಲ್ಲಿ ಹೇಳಿದೆ ತೋರ್ಸು" ಎಂದರು. ಹೀಗಾಗಿ ಪಾಪದ ಮೀನುಗಳಿಗೆ ದಿನಕ್ಕೊಂದು ಹೊತ್ತಿಗೆ ಬೆಳಗು. ಅವು ಏನೆಂದುಕೊಂಡಿವೆಯೋ.

ಕೊನೆಗೆ ಎಲ್ಲವೂ ಸರಿಹೋಯಿತು ಅನ್ನಿ. ಪೆಟ್ಟಿಗೆ ನೀರು ತಾಕದಷ್ಟು ಎತ್ತರಕ್ಕೆ ಗೋಡೆಗೇರಿತು. ವೈರು ಒಮ್ಮೆ ಕೆಳಗೆ ಬಾಗಿ ಮೇಲೇರುವುದರಿಂದ ಹನಿ ಅಲ್ಲೇ ತೊಟ್ಟಿಕ್ಕುತ್ತದೆ. ಸ್ವಲ್ಪ ಕರೆಂಟು ಸೋರಿದರೂ ಮನೆಯ ಲೈನೇ ಕಟ್ಟಾಗುತ್ತದೆ. ನನ್ನ ಭಯ ಮಾತ್ರ ಕಟ್ಟಾಗಲಿಲ್ಲ. ಅದಕ್ಕೆ ಭಾವ ಒಂದು ಪದ್ಧತಿ ಮಾಡಿದರು. ಸಂಜೆ ಮೀನಿಗೆ ಊಟ ಹಾಕುವಾಗ ನಾನು ನನ್ನ ಫೋನಿನಲ್ಲಿ ದೀಪ ಆರಿಸಿ "ಆಯ್ತು" ಎನ್ನಬೇಕು, ಆಮೇಲೆ ಅವರ ಕೈ ನೀರಿಗೆ. ಹಿಟ್ಟು ಕಲೆಸುತ್ತಿರಲಿ, ಪಾತ್ರೆ ತೊಳೆಯುತ್ತಿರಲಿ, ಕೈ ಒರೆಸಿಕೊಂಡು ಒತ್ತಬೇಕು. ತಾನೇ ಆರುವ ದೀಪವನ್ನು ಆರಿಸುವ ಕೆಲಸ ನನ್ನ ತಲೆಗೇ ಬಂತು!

ಮೊನ್ನೆ ಅವರೇ ಮರೆತು, ದೀಪ ಉರಿಯುತ್ತಿರುವಾಗಲೇ ಕೈ ಹಾಕಿದ್ದನ್ನು ಕಂಡೆ. ಏನೂ ಆಗಲಿಲ್ಲ. ನಾನು ಮಾತ್ರ ಬಾಗಿಲು ಹಿಡಿದು ಕುಸಿದೆ. ಸಾಕಾಯಿತು. ತೊಟ್ಟಿಗೆ ಜಾಗ ಗೊತ್ತುಮಾಡಲೆಂದೇ ಇವತ್ತು ಅರಕಲಗೂಡಿಗೆ ಹೋದದ್ದು. ಹೊರಟಾಗ ಭಾವ ಕೊಡೆ ತಂದು ಕೈಗಿಟ್ಟರು.

ಅಕ್ಕ ಸಂತೋಷವಾಗಿ ಮೂಲೆ ಗುಡಿಸಿಯೇಬಿಟ್ಟಳು. "ನಾಳೇನೇ ಕಳಿಸ್ಬಿಡೇ. ಈ ಕಿಟಕೀಲಿ ಬಿಸ್ಲು ಬೀಳತ್ತೆ, ದೀಪದ ರಗಳೇನೇ ಬೇಡ" ಎಂದಳು. ಹೊರಡಬೇಕು ಎನ್ನುವಾಗ ಫೋನು ಬಂತು.

"ಆರಿಸ್ತೀಯೇನಮ್ಮ? ಮೀನಿಗೆ ಊಟ ಹಾಕ್ಬೇಕು."

"ಇವತ್ತು ಪ್ಲಗ್ಗೇ ಕಿತ್ತುಬಿಡಿ ಭಾವ, ಅದೇ ವಾಸಿ."

"ಅದಾಗ್ಲೇ ಕಿತ್ತಿದ್ದೀನಿ. ಮೊನ್ನೆ ನೀನು ಕೂತ್ಬಿಟ್ಟೆಯಲ್ಲ, ಅವತ್ತಿಂದ ದಿನಾ ಕೀಳ್ತೀನಿ. ಆದ್ರೂ ನೀನು ಹೂಂ ಅನ್ನದೆ ಕೈ ಹಾಕಕ್ಕೆ ಮನಸ್ಸು ಬರಲ್ಲ ಕಣಮ್ಮ. ಇಷ್ಟು ವರ್ಷದಲ್ಲಿ ನಂಗೋಸ್ಕರ ಹಿಂಗೆ ಯಾರೂ ಹೆದರ್ಕೊಂಡಿರ್ಲಿಲ್ಲ."

ಪ್ಲಗ್ ಕಿತ್ತ ಮೇಲೆ ಫೋನಿನಲ್ಲಿ ಒತ್ತುವುದಕ್ಕೇನಿದೆ? ದೀಪದ ಗುರುತು ಬೂದಿಬಣ್ಣಕ್ಕೆ ತಿರುಗಿ ಸುಮ್ಮನಿತ್ತು. ಅದರ ಮೇಲೆಯೇ ಬೆರಳೊತ್ತಿದೆ.

"ಆರಿಸಿದೆ ಭಾವ. ಹಾಕಿ" ಎಂದೆ.

ಅವರು ಫೋನು ಇಡಲಿಲ್ಲ. ನೀರಿನ ಸದ್ದು ಕೇಳಿಸಿತು.

ನಾಳೆ ಎಷ್ಟು ಹೊತ್ತಿಗೆ ಕಳಿಸುತ್ತೀಯ ಎಂದು ಅಕ್ಕ ಕೇಳಿದಳು. "ನೇರ ಬಿಸ್ಲು ಬಿದ್ರೆ ನೀರು ಪಾಚಿ ಕಟ್ಟತ್ತಂತೆ ಅಕ್ಕ. ಅಲ್ಲೇ ಇರ್ಲಿ ಬಿಡು" ಎಂದೆ. ಅವಳು ನನ್ನ ಮುಖ ನೋಡಿ, ಗುಡಿಸಿದ ಮೂಲೆಗೆ ಮಣೆ ತಂದಿಟ್ಟಳು.

ರಾತ್ರಿ ಅವಳು ಕೊಟ್ಟ ಹೀರೇಕಾಯಿಯ ಕೂಟು, ಅನ್ನ, ಮಜ್ಜಿಗೆ. ಭಾವ ಕೂಟು ಎರಡು ಸಲ ಹಾಕಿಸಿಕೊಂಡರು. ಎಲ್ಲರಿಗಿಂತ ಮೊದಲು ಮಲಗಿದವಳು ನಾನು.