ಕೊಟ್ಟಿಗೆಗೆ ಎರಡನೇ ದಾರಿ

ನಾನು ಹುಟ್ಟಾ ಅಂಜುಬುರುಕ. ಬೀಗ ಹಾಕಿದ ಮೇಲೆ ಜಗ್ಗಿ ನೋಡುವವನು. ಜಗ್ಗಿದ್ದರಿಂದಲೇ ಸಡಿಲವಾಯಿತೇನೋ ಎಂದು ಇನ್ನೊಮ್ಮೆ ಜಗ್ಗುವವನು. ಇಂಥವನು ಮನೆಯಲ್ಲಿ ಸರ್ವರ್ ಇಟ್ಟುಕೊಳ್ಳಬಾರದು. ಸರ್ವರ್ ಎಂದರೆ ಬಂಗಾರಪೇಟೆಯ ನಮ್ಮ ಕಚೇರಿಯವರು ಇಡ್ಲಿ ತಂದಿಡುವವನನ್ನು ನೆನೆದು ನಗುತ್ತಾರೆ. ನನ್ನದು ಅಟ್ಟದ ಮೇಲಿನ ಹಳೆಯ ಕಂಪ್ಯೂಟರು. ಉರಿಗಾಂ ಆಚೆಯ ನಮ್ಮೂರಿನ ಕೊಟ್ಟಿಗೆಯಲ್ಲಿ ಒಂದು ಕ್ಯಾಮೆರಾ ಇದೆ. ಅದು ಕಂಡದ್ದನ್ನು ಈ ಕಂಪ್ಯೂಟರು ನನ್ನ ಮೊಬೈಲಿಗೆ ಕಳಿಸುತ್ತದೆ. ನಾನು ನೋಡಬೇಕಾದದ್ದು ಗೌರಿಯನ್ನು. ಅವಳಿಗೆ ಇದು ಚೊಚ್ಚಲ ಗಬ್ಬ. ಹಗಲು ಮನೆಯಲ್ಲಿರುವ ಅಮ್ಮ, ಫೋನನ್ನು ಅಕ್ಕಿ ಡಬ್ಬದ ಮೇಲೆ ಬಿಟ್ಟು ಕೊಟ್ಟಿಗೆಗೆ ಹೋಗುವವಳು. ಕರು ಅಡ್ಡ ಸಿಕ್ಕಿಕೊಂಡರೆ ಪಶುವೈದ್ಯರನ್ನು ಕರೆಯಬೇಕಾದವನು ನಾನೇ.

ರಸ್ತೆ ಅಗೆಯುವವರು ಕೇಬಲ್ ಕತ್ತರಿಸದ ವಾರವಿಲ್ಲ. ಇಂಟರ್ನೆಟ್ ಹೋಯಿತೆಂದರೆ ಗೌರಿ ಮಾಯ. ಅದಕ್ಕೇ ಎರಡನೇ ದಾರಿ ಮಾಡಿದೆ: ಕೇಬಲ್ ಸತ್ತರೆ ತಾನಾಗಿ ಎದ್ದು ಮೊಬೈಲ್ ಇಂಟರ್ನೆಟ್ ಕೊಡುವ ಸಿಮ್ಮಿನ ಡಬ್ಬಿ, ಕರೆಂಟು ಹೋದರೆ ಬ್ಯಾಟರಿ. ಕೇಬಲ್ ಕಿತ್ತು ಪರೀಕ್ಷಿಸಿದೆ. ಗೌರಿ ಸೊಗಸಾಗಿ ಕಂಡಳು. ಬೀಗಿದೆ. ಆಮೇಲೆ ಹೊಳೆಯಿತು, ಮನೆಯ ವೈಫೈಯಲ್ಲೇ ಕೂತು ಹೊರಗಿನಿಂದ ಬರುವ ದಾರಿಯನ್ನು ಪರೀಕ್ಷಿಸಿದ ಮಹಾನುಭಾವ ನಾನು! ಮರುದಿನ ಕೇಬಲ್ ಕಿತ್ತಿಟ್ಟು, ಚಾಂಪಿಯನ್ ರೀಫ್ಸ್‌ವರೆಗೆ ಬೈಕಿನಲ್ಲಿ ಹೋಗಿ ರಸ್ತೆಬದಿಯಲ್ಲಿ ನಿಂತು ನೋಡಿದೆ. ಗೌರಿ ಮೆಲುಕು ಹಾಕುತ್ತಿದ್ದಳು. ಕಣ್ಣು ತುಂಬಿ ಬಂತು.

"ಎನ್ನ ತಂಬಿ, ಫೋನ್ ನೋಡ್ಕೊಂಡು ಅಳ್ತಾ ಇದೀಯ?" ಎಂದರು ಆ ದಾರಿಯಲ್ಲಿ ಬಂದ ಪೆರುಮಾಳಣ್ಣ, ಹಿಂದೆ ಗಣಿ ಕೆಲಸದಲ್ಲಿದ್ದ ತಮಿಳರು.

"ಹಸು ಕಾಣಿಸ್ತು ಅಣ್ಣ" ಎಂದೆ. ಅವರು ರಸ್ತೆಯ ಆಚೆ ಈಚೆ ಹಸು ಹುಡುಕಿದರು.

ಮೊನ್ನೆ ಮಧ್ಯಾಹ್ನ ಕಚೇರಿಯಲ್ಲಿದ್ದಾಗ ಕೇಬಲ್ ಹೋಯಿತು. ಸಿಮ್ಮಿನ ಡಬ್ಬಿ ಎದ್ದಿದೆ ಎಂದು ಸಂದೇಶ ಬಂತು. ಹೆಮ್ಮೆಯಿಂದ ಮೊಬೈಲ್ ತೆರೆದೆ. ಬರೀ ಕಪ್ಪು. ಮುಚ್ಚಿ ತೆರೆದೆ, ಮತ್ತೆ ಕಪ್ಪು. ಅಮ್ಮ ಫೋನ್ ಎತ್ತಲಿಲ್ಲ. ಪಶುವೈದ್ಯರಿಗೆ ಏನೆಂದು ಹೇಳಲಿ, ಕಪ್ಪಗಿದೆ ಬನ್ನಿ ಎಂದೇ? ಯಾರಿಗೂ ಹೇಳದೆ ಬೈಕ್ ಹತ್ತಿದೆ.

ಕೊಟ್ಟಿಗೆಯ ಬಾಗಿಲಿಗೆ ಗೋಣಿ ಇಳಿಬಿಟ್ಟಿತ್ತು. ಎತ್ತಲು ಹೋದೆ.

"ಅಲ್ಲೇ ನಿಂತ್ಕಳ್ಲಾ!" ಒಳಗಿನಿಂದ ಅಮ್ಮ ಗದರಿದಳು. "ಈಯೋ ಒತ್ನಾಗೆ ಯಾರೂ ನೋಡ್ಬಾರ್ದು. ದಿಷ್ಟಿ ಆಯ್ತದೆ."

"ಕ್ಯಾಮ್ರಾ ಕೆಟ್ಟೋಗದೆ ಕಣಮ್ಮ!"

"ಕೆಟ್ಟಿಲ್ಲ ಕಣ್ಲಾ, ನಾನೇ ಅಳೇ ಸೀರೆ ಸುತ್ತಿವ್ನಿ. ಮೊದ್ಲು ದಿಷ್ಟಿ ಆಗೋದೇ ನಿನ್ ಕಣ್ಣಿಂದ. ಒಂದು ದಾರೀಲಿ ನೋಡೋದು ಸಾಲ್ದು ಅಂತ ಎರಡು ದಾರಿ ಮಾಡ್ಕಂಡವ್ನೆ!"

ಒಳಗೆ ಗೌರಿ ನರಳಿದಳು. ನಾನು ಹೊರಗಿನ ಕಲ್ಲಿನ ಮೇಲೆ ಕೂತೆ. ಅಭ್ಯಾಸಬಲ, ಕೈ ಮೊಬೈಲಿಗೆ ಹೋಯಿತು. ಸಿಗ್ನಲ್ ಭರ್ತಿ, ಬ್ಯಾಟರಿ ಭರ್ತಿ. ಎರಡನೇ ದಾರಿಯಲ್ಲಿ ಅಮ್ಮನ ಸೀರೆ ಸ್ವಲ್ಪವೂ ತಡವರಿಸದೆ ಬರುತ್ತಿತ್ತು. ಕಚೇರಿಯೆಂದು ಅಡಗಿಸಿಟ್ಟಿದ್ದ ಕ್ಯಾಮೆರಾದ ಸದ್ದನ್ನಾದರೂ ಕೇಳೋಣವೆಂದು ಮೊಬೈಲಿನಲ್ಲಿ ಹಾಕಿಕೊಂಡೆ. ತುಂಬ ಹೊತ್ತಿನ ಮೇಲೆ ಗೋಣಿಯಾಚೆ ಕರು ಕೂಗಿತು. ಉಸಿರು ಬಿಟ್ಟೆ. ಅಷ್ಟರಲ್ಲಿ ಇನ್ನೊಂದು ಕರು ಕೂಗಿತು.

"ಅಮ್ಮಾ, ಅವಳಿ!" ಎಂದು ಕಿರುಚಿ ಪಶುವೈದ್ಯರಿಗೂ ಫೋನ್ ಮಾಡಿಬಿಟ್ಟೆ. ಎರಡನೆಯದು ಮೊಬೈಲಿನೊಳಗಿನ ಕರು, ದಾರಿಯಲ್ಲಿ ತುಸು ತಡವಾಗಿತ್ತು.